ಮೊದಲು ಕೈಯಲ್ಲಿ ಎತ್ತಿ ನೋಡು

ಚನ್ನಗಿರಿ
ಭಾನುವಾರ ರಾತ್ರಿ

ಪ್ರೀತಿಯ ಚಿನ್ನು,

ಹೊಸ ಗೇಮಿಂಗ್ ಕಂಪ್ಯೂಟರಿಗೆ ಅಂತ ನೀನು ಅಂಗಡಿಯಿಂದ ತಂದು ಕಳಿಸಿದ ಕೊಟೇಶನ್ ಚೀಟಿಯ ಫೋಟೋ ನೋಡಿದೆ. ಫೋನಲ್ಲಿ ಹೇಳಿದರೆ "ಹೂಂ ಅಪ್ಪ, ಹೂಂ ಅಪ್ಪ" ಅಂದು ಮರೆತುಬಿಡ್ತೀಯ. ಅದಕ್ಕೇ ಅಂಗಡಿಯ ಶಟರ್ ಅರ್ಧ ಎಳೆದು, ಬಿಲ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೀತಾ ಇದ್ದೀನಿ. ಅಲ್ಲಲ್ಲಿ ವಾರ್ನಿಶ್ ಕಲೆ ಕಂಡರೆ ಬೈಬೇಡ.

ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಬಣ್ಣದ ದೀಪದ ಕ್ಯಾಬಿನೆಟ್, ಎಲ್ಲ ಸೇರಿ 42,000. ನಿನ್ನ ಸ್ಟೈಪೆಂಡಲ್ಲಿ ಉಳಿಸಿದ 45,000ದೊಳಗೇ ಮುಗಿಯುತ್ತೆ, ನಾನು ಕೊಡ್ತೀನಿ ಅಂದ 25,000 ಮುಟ್ಟೋದೇ ಬೇಡ ಅಂತ ನಿನ್ನ ಲೆಕ್ಕ. ಅಪ್ಪನ ದುಡ್ಡು ಉಳಿಸಬೇಕು ಅನ್ನಿಸಿದ್ದಕ್ಕೆ ಸಂತೋಷ. ಆದರೆ ಆ ಚೀಟಿ ಹರಿದು ಹಾಕು.

ಐ7 ಅನ್ನೋದು ಮನೆತನದ ಹೆಸರು ಇದ್ದ ಹಾಗೆ, ಅದರಿಂದ ವಯಸ್ಸು ಗೊತ್ತಾಗಲ್ಲ. ವಯಸ್ಸು ಗೊತ್ತಾಗೋದು ಮುಂದಿನ ಅಂಕಿಯಿಂದ. ಚೀಟಿಯ ಮೂಲೆಯಲ್ಲಿ ಸಣ್ಣದಾಗಿ 4770 ಅಂತ ಬರೆದಿದ್ದಾರೆ, ಫೋಟೋ ದೊಡ್ಡದು ಮಾಡಿ ನೋಡು. ಅದು ನಾಲ್ಕನೇ ತಲೆಮಾರು, 2013ರದ್ದು. ಆಗ ನೀನು ಎರಡನೇ ಕ್ಲಾಸು. ಕಚೇರಿಗಳಿಂದ ಹೊರಬಿದ್ದ ಇಂಥ ಪ್ರೊಸೆಸರನ್ನು ಅಗ್ಗದ ಹೊಸ ಬೋರ್ಡಿನ ಮೇಲೆ ಕೂರಿಸಿ, ಫ್ಯಾನಿಗೆ ದೀಪ ಹಾಕಿ, ಗೇಮಿಂಗ್ ಪಿಸಿ ಅಂತ ಮಾರ್ತಾರೆ. 2022ರ ಐ3-12100ಎಫ್‌ಗೂ ಅದಕ್ಕೂ ಕೋರ್, ಅಂದರೆ ಕೆಲಸ ಮಾಡೋ ಕೈ ನಾಲ್ಕೇ; ಥ್ರೆಡ್, ಅಂದರೆ ಒಟ್ಟಿಗೆ ಹಿಡಿಯೋ ಕೆಲಸ ಎಂಟೇ. ಆದರೂ ಆ ಐ3 ಈ ಐ7ನ್ನು ಬಹಳ ಹಿಂದೆ ಹಾಕುತ್ತೆ. ಇನ್ನೊಂದು, ವಿಂಡೋಸ್ 11ರ ಪಟ್ಟಿಯಲ್ಲಿ ನಾಲ್ಕನೇ ತಲೆಮಾರು ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿಯಾಯ್ತು. ನೀನು ರಾತ್ರಿಯೆಲ್ಲ ಆಡೋ ವ್ಯಾಲರಂಟ್ ಕೂಡ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಎರಡು ಭದ್ರತಾ ವ್ಯವಸ್ಥೆ ಇಲ್ಲದಿದ್ದರೆ ಬಾಗಿಲು ತೆಗೆಯಲ್ಲ.

ಇಷ್ಟೆಲ್ಲ ಅಪ್ಪನಿಗೆ ಹೇಗೆ ಗೊತ್ತು ಅಂತ ನಗಬೇಡ. ಒಂದು ಸಲ ಮೋಸ ಹೋದವನು ಓದಿಕೊಂಡೇ ಓದಿಕೊಳ್ತಾನೆ.

2021ರಲ್ಲಿ, ನಿನ್ನ ಎಸ್ಸೆಸ್ಸೆಲ್ಸಿ ಆನ್‌ಲೈನ್ ಕ್ಲಾಸಿಗೆ ಅಂತ ಒಂದು ಅಂಗಡಿಯಲ್ಲಿ ಕೊಡಿಸಿದೆನಲ್ಲ, ಅದೂ ಇದೇ ಆಟ. ಆಗ ಹಳೇ ಐ5, ಈಗ ಹಳೇ ಐ7. "4 ಜಿಬಿ ಗ್ರಾಫಿಕ್ಸ್ ಸಾರ್, ಎಲ್ಲ ಗೇಮೂ ಓಡುತ್ತೆ" ಅಂದ. ಒಳಗಿದ್ದದ್ದು ಜಿಟಿ 730, 2014ರ ಕಾರ್ಡು. ನಾಲ್ಕು ಜಿಬಿ ಇದ್ದದ್ದು ನಿಜ. ದೊಡ್ಡ ಟ್ಯಾಂಕಿಗೆ ಅರ್ಧ ಇಂಚಿನ ಪೈಪು ಹಾಕಿದ ಹಾಗಿತ್ತು ಅನ್ನೋದೂ ನಿಜ. ನೀನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಎಲ್ಲ ಸೆಟ್ಟಿಂಗನ್ನೂ 'ಲೋ'ಗೆ ಇಳಿಸಿ, ಹಳೇ ಆಟಗಳನ್ನೇ ಆಡಿಕೊಂಡು ಎರಡು ವರ್ಷ ಕಳೆದೆ. ಆಮೇಲೆ ಒಂದು ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂದಾಗ ಪಟ್ ಅಂತ ಸದ್ದಾಗಿ, ಮೀನು ಸುಟ್ಟ ಹಾಗೆ ವಾಸನೆ ಬಂತು. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚೋ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಸತ್ತಿತು, ಹೋಗ್ತಾ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು.

ಅದನ್ನು ಬಿಚ್ಚಿದ ದಿನ ನನಗಾದ ನಾಚಿಕೆ ನಿನಗೆ ಹೇಳಿರಲಿಲ್ಲ. ಮೇಲೆ 450 ವ್ಯಾಟ್ ಅಂತ ಸ್ಟಿಕರ್. ಒಳಗೆ ಕರೆಂಟ್ ಬರೋ ಜಾಗದಲ್ಲಿ ಫಿಲ್ಟರ್ ಕಾಯಿಲ್ ಕೂರಬೇಕು, ಬೋರ್ಡಿನ ಮೇಲೆ ಅದಕ್ಕೆ ಜಾಗ ಬಿಟ್ಟು ಗುರುತೂ ಹಾಕಿದ್ದಾರೆ. ಅಲ್ಲಿ ಕಾಯಿಲ್ ಇಲ್ಲ. ಎರಡು ತುಂಡು ತಂತಿ ಬೆಸೆದು ದಾಟಿಸಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಬೋರ್‌ವೆಲ್ ಮೋಟಾರ್ ಸುತ್ತುತ್ತಾ ಇದ್ದೀನಿ. ಯಾವ ಮೋಟಾರಲ್ಲಿ ತಾಮ್ರ ಕದ್ದಿದ್ದಾರೆ ಅಂತ ಎತ್ತಿದ ತಕ್ಷಣ ಹೇಳ್ತೀನಿ. ಮಗಳಿಗೆ ತಂದ ಡಬ್ಬಿಯನ್ನು ಮಾತ್ರ ಎತ್ತಿ ನೋಡಲಿಲ್ಲ, ದೀಪ ನೋಡ್ತಾ ನಿಂತೆ.

ಹಾಗಾಗಿ ನನ್ನ ಕಡೆಯ 25,000 ಒಂದು ಷರತ್ತಿನ ದುಡ್ಡು: ಮೊದಲ ಆಯ್ಕೆ ಎಸ್‌ಎಂಪಿಎಸ್. ಹೆಸರಿರೋ ಕಂಪನಿಯ 550 ವ್ಯಾಟಿನದು, 80 ಪ್ಲಸ್ ಬ್ರಾಂಜ್ ಗುರುತು ಇರಬೇಕು. ಅರ್ಧ ಲೋಡಿನಲ್ಲಿ ಕನಿಷ್ಠ ಶೇ 85ರಷ್ಟು ಕರೆಂಟನ್ನು ಕೆಲಸಕ್ಕೆ ಕೊಡುತ್ತೆ ಅನ್ನೋದು ಆ ಗುರುತಿನ ಅರ್ಥ. ನಿನ್ನ ಮಷಿನ್ ಜೋರಾಗಿ ಆಡಿದರೂ 300 ವ್ಯಾಟ್ ದಾಟೋದು ಕಷ್ಟ, ಆದರೆ ನಾಳೆ ದೊಡ್ಡ ಕಾರ್ಡ್ ಹಾಕಿದರೆ ಇದೇ ಸಾಕು. ಕ್ಯಾಬಿನೆಟ್ ಜೊತೆ 'ಫ್ರೀ' ಬರೋದನ್ನು ಅಲ್ಲೇ ಬಿಟ್ಟು ಬಾ.

ಪ್ರೊಸೆಸರ್‌ಗೆ ಎಎಂಡಿಯ ರೈಜನ್ 5 5600 ಅಂತ ಬರೆದುಕೋ. 6 ಕೋರ್, 12 ಥ್ರೆಡ್, 65 ವ್ಯಾಟ್. ಹೊಸದಲ್ಲ, ಅದೂ 2022ರದ್ದೇ, ಬೋರ್ಡಿನಲ್ಲಿ ಅದು ಕೂರೋ ಜಾಗ, ಅಂದರೆ ಸಾಕೆಟ್, ಎಎಂ4. ಈಗಿನ ಎಎಂ5 ತಗೊಂಡರೆ ಮುಂದೆ ಪ್ರೊಸೆಸರ್ ಬದಲಿಸಬಹುದು ಅಂತ ನಿನ್ನ ಫ್ರೆಂಡ್ಸ್ ಹೇಳ್ತಾರೆ, ಅವರು ಹೇಳೋದೂ ಸರಿ. ಆದರೆ ಎಎಂ4ಗೆ ಹಳೇ ಬಗೆಯ ಡಿಡಿಆರ್4 ಸಾಕು, ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು, ಈಗ ರ‍್ಯಾಮ್ ಮುಟ್ಟೋ ಹಾಗಿಲ್ಲ.

ಯಾಕೆ ಅಂತ ನಮ್ಮೂರಿನವಳಿಗೆ ಸುಲಭವಾಗಿ ಹೇಳಬಹುದು. ನಿನ್ನ ಅಜ್ಜನ ಕಾಲದಲ್ಲಿ ನಮ್ಮ ಸುತ್ತ ಭತ್ತದ ಗದ್ದೆ. ಅಡಿಕೆಗೆ ರೇಟು ಬಂತು, ಗದ್ದೆಗಳೆಲ್ಲ ತೋಟ ಆದವು. ರ‍್ಯಾಮ್ ಚಿಪ್ ಕಥೆಯೂ ಹಾಗೇ. ಜಗತ್ತಿನ ಬಹುಪಾಲು ಮೆಮೊರಿ ಮಾಡೋರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಕೇಳಿದ ಬೆಲೆ ಕೊಟ್ಟು ಕೊಳ್ಳೋಕೆ ನಿಂತಾಗ ಅವರೂ ಆ ಬೆಳೆಯ ಕಡೆ ತಿರುಗಿದರು. 2025ರ ಕೊನೆಯಿಂದ ನಮ್ಮಂಥವರು ಕೊಳ್ಳೋ ರ‍್ಯಾಮ್ ಬೆಲೆ ಎರಡು ಪಟ್ಟು ದಾಟಿ ಹೋಯಿತು. ನಿನ್ನ ಹಳೇ ಮಷಿನ್ನಿನಲ್ಲಿ 8 ಜಿಬಿಯ ಒಂದು ಡಿಡಿಆರ್4 ಕಡ್ಡಿ ಬದುಕಿದೆ, ಪಕ್ಕದ ಅಂಗಡಿ ಹುಡುಗನ ಹತ್ತಿರ ಹಾಕಿಸಿ ನೋಡಿದ್ದೀನಿ. ಇನ್ನೊಂದು 8 ಜಿಬಿ ಕೊಂಡರೆ 16 ಆಯ್ತು. ಎರಡು ಕಡ್ಡಿ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿ, ಒಂದೇ ದೊಡ್ಡ ಕಡ್ಡಿಗಿಂತ ಆಟ ಸಲೀಸು. ಹೊಸದು ಎಷ್ಟೇ ವೇಗದ್ದಾದರೂ ಎರಡೂ ನಿಧಾನದ ಕಡ್ಡಿಯ ವೇಗದಲ್ಲೇ ನಡೆಯುತ್ತವೆ, ಜೋಡೆತ್ತಿನ ಹಾಗೆ. ಸದ್ಯಕ್ಕೆ ನಡೆಯಲಿ ಬಿಡು. ಬೋರ್ಡು ನಾಲ್ಕು ಸ್ಲಾಟಿನದು ತಗೋ.

ಈಗ ಗ್ರಾಫಿಕ್ಸ್ ಕಾರ್ಡು. ಇದಕ್ಕೆ ಒಟ್ಟು ದುಡ್ಡಿನಲ್ಲಿ ಮೂರನೇ ಒಂದು ಪಾಲು ಇಟ್ಟುಬಿಡು, ಕೈ ಬಿಗಿ ಮಾಡಬೇಡ. ವ್ಯಾಲರಂಟ್‌ಗೆ ಇಷ್ಟು ಬೇಕಿಲ್ಲ. ಬೇಕಿರೋದು ನೀನು ಐದು ವರ್ಷದಿಂದ ಯೂಟ್ಯೂಬಲ್ಲಿ ಬೇರೆಯವರು ಆಡೋದನ್ನೇ ನೋಡ್ತಾ ಇರೋ ಸೈಬರ್‌ಪಂಕ್‌ಗೆ. ಅದಕ್ಕೆ ಆರ್‌ಎಕ್ಸ್ 6600 ಸಾಕು: 8 ಜಿಬಿ, 132 ವ್ಯಾಟ್, 1080ಪಿ, ಅಂದರೆ ಫುಲ್ ಎಚ್‌ಡಿ ಪರದೆಯಲ್ಲಿ ಸೆಟ್ಟಿಂಗ್ ಸ್ವಲ್ಪ ತಗ್ಗಿಸಿದರೆ ಸೆಕೆಂಡಿಗೆ 60 ಫ್ರೇಮಿನ ಆಸುಪಾಸು. ಸ್ಟಾಕ್ ಇಲ್ಲ ಅಂತ ಹೇಳಿ ಆರ್‌ಟಿಎಕ್ಸ್ 3050 ಕೈಗಿಡೋಕೆ ಬರ್ತಾರೆ. ಅದರಲ್ಲೇ 8 ಜಿಬಿ ಬೇರೆ, 2024ರಲ್ಲಿ ಬಂದ 6 ಜಿಬಿ ಬೇರೆ. ಹೆಸರು ಒಂದೇ ಇದ್ದರೂ 6 ಜಿಬಿಯದು ಚಿಪ್ಪಿನಲ್ಲೇ ಬಡವ. ಅದರ ಗುಣ ಒಂದೇ, 70 ವ್ಯಾಟಿನದಾದ್ದರಿಂದ ಬೇರೆ ಕೇಬಲ್ ಬೇಡ, ಸ್ಲಾಟಿನ ಕರೆಂಟಲ್ಲೇ ಓಡುತ್ತೆ. ಹಳೇ ಕಚೇರಿ ಮಷಿನ್ನಿಗೆ ಹಾಕೋರಿಗೆ ಅದು ಸರಿ. ಆರ್‌ಟಿಎಕ್ಸ್ 4060 ನಿನ್ನ ಕೈಗೆ ಎಟುಕಿದರೆ ತಗೋ, ಬೇಡ ಅನ್ನಲ್ಲ. ಎಟುಕಿಸೋಕೆ ಹೋಗಿ ಎಸ್‌ಎಂಪಿಎಸ್‌ನಲ್ಲಿ ಕಡಿತ ಮಾಡಿದರೆ ಮಾತ್ರ ನಾನು ಕೇಳ್ತೀನಿ.

ಸೆಕೆಂಡ್ ಹ್ಯಾಂಡ್ ಕಾರ್ಡು ನೋಡಲಾ ಅಂತ ನೀನು ಕೇಳಿದ್ದೆ. ನೋಡಬಹುದು, ಆದರೆ ಕಣ್ಣೆದುರು ಅರ್ಧ ಗಂಟೆ ಆಡಿಸಿ ತೋರಿಸೋರ ಹತ್ತಿರ ಮಾತ್ರ. ಈಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ಅಗೆಯೋಕೆ ಅಂತ ಹಗಲೂ ರಾತ್ರಿ ದುಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರ್ 15ರಂದು ಆ ಪದ್ಧತಿಯೇ ನಿಂತ ಮೇಲೆ ರಾಶಿರಾಶಿಯಾಗಿ ಹಳೇ ಮಾರುಕಟ್ಟೆಗೆ ಬಂದವು. ದುಡಿದ ಮಾತ್ರಕ್ಕೆ ಕೆಟ್ಟವು ಅಂತಲ್ಲ, ಒಂದೇ ಸಮ ಓಡೋ ಮೋಟಾರು ಬಾಳಿಕೆ ಬರೋದೂ ಉಂಟು. ಫ್ಯಾನಿನ ಬೇರಿಂಗ್ ಸದ್ದು ಕೇಳು. ಇನ್ನೂ ಕೆಟ್ಟದ್ದು ವೇಷದ ಕಾರ್ಡು: ಹಳೇ ಜಿಟಿಎಕ್ಸ್ 550 ಟಿಐಗೆ ಬಯಾಸ್, ಅಂದರೆ ಕಾರ್ಡಿನೊಳಗೇ ಇರೋ ಸಾಫ್ಟ್‌ವೇರ್ ತಿದ್ದಿ 1050 ಟಿಐ ಅಂತ ಹೆಸರು ಕೊಟ್ಟು ಮಾರ್ತಾರೆ. ಪೆನ್‌ಡ್ರೈವಲ್ಲಿ ಜಿಪಿಯು-ಝೆಡ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಒಯ್ದು ತೆರೆದು ನೋಡು, ಅಂಥದ್ದನ್ನು ಅದು ನಕಲಿ ಅಂತಲೇ ತೋರಿಸುತ್ತೆ. ನನ್ನನ್ನು ಕೇಳಿದರೆ ಹೊಸದೇ ಇರಲಿ.

ಮಾನಿಟರ್ 24 ಇಂಚು, 1080ಪಿ, ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆ. 144 ಹರ್ಟ್ಸ್ ಆದರೆ ಒಳ್ಳೇದು. 60 ಹರ್ಟ್ಸಿನ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ 144ರದ್ದು 7ರೊಳಗೇ ಬದಲಿಸುತ್ತೆ. ಕೊಂಡು ತಂದವರಲ್ಲಿ ಎಷ್ಟೋ ಜನ ವಿಂಡೋಸ್ ಸೆಟ್ಟಿಂಗಿನಲ್ಲಿ 60ರಲ್ಲೇ ಬಿಟ್ಟಿರ್ತಾರೆ, ಇನ್ನು ಕೆಲವರು ಕೇಬಲನ್ನು ಕಾರ್ಡಿಗೆ ಚುಚ್ಚೋ ಬದಲು ಬೋರ್ಡಿಗೆ ಚುಚ್ಚಿ ಪರದೆ ಕಪ್ಪು ಅಂತ ಅಂಗಡಿಗೆ ಫೋನ್ ಮಾಡ್ತಾರೆ. 5600ರಲ್ಲಿ ಗ್ರಾಫಿಕ್ಸ್ ಇಲ್ಲವೇ ಇಲ್ಲ, ಬೋರ್ಡಿಗೆ ಚುಚ್ಚಿದರೆ ಏನೂ ಬರಲ್ಲ.

ಕ್ಯಾಬಿನೆಟ್ ಬಗ್ಗೆ ಒಂದೇ ಮಾತು. ಗಾಳಿ ಆಡೋಕೆ ಮುಂದೆ ಜಾಲರಿ ಇರಲಿ, ಗಾಜು ಬೇಡ.

ಬೆಂಗಳೂರು ವಿಜಯನಗರದ ನಿಮ್ಮ ಬಾಡಿಗೆ ಮನೆಯ ಪ್ಲಗ್ಗಿನ ಮೂರನೇ ತೂತಿಗೆ ಅರ್ಥಿಂಗ್ ನಿಜವಾಗಿ ಬಂದಿದೆಯಾ ನೋಡಬೇಕು. ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಅಂದರೆ ಮಷಿನ್ ಕೆಟ್ಟಿದೆ ಅಂತಲ್ಲ. ಒಳ್ಳೇ ಎಸ್‌ಎಂಪಿಎಸ್‌ನ ಫಿಲ್ಟರ್ ತನ್ನ ಚೂರುಪಾರು ಕರೆಂಟನ್ನು ಅರ್ಥ್‌ಗೆ ಬಿಡುತ್ತೆ. ಅರ್ಥ್ ಇಲ್ಲದಿದ್ದರೆ ಅದು ತಗಡಿನಲ್ಲೇ ನಿಂತು ನಿನ್ನ ಬೆರಳಿಗಾಗಿ ಕಾಯುತ್ತೆ. ಟೆಸ್ಟ್ ಲ್ಯಾಂಪ್ ತರ್ತೀನಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತೆ, ಮನೆಯ ಹುಡುಗಿಯರಿಗೆ ಮೊದಲೇ ಹೇಳಿ ಇಟ್ಟಿರು. ಆಮೇಲೆ ಗೀಸರ್ ಮೇಲೆ ಜಗಳ ಬೇಡ.

ಕಂಪ್ಯೂಟರ್ ಅಂಗಡಿಗಳ ಸಾಲಿರೋ ಎಸ್‌ಪಿ ರೋಡಿಗೆ ಒಬ್ಬಳೇ ಹೋಗಿ ಮುಗಿಸಬೇಡ. ಬರೋ ಗುರುವಾರ ಬೆಳಗ್ಗೆ ಮೊದಲ ಬಸ್ಸಿಗೆ ಬರ್ತೀನಿ, ಚಿಕ್ಕಪೇಟೆ ಮೆಟ್ರೋ ಹತ್ತಿರ ಸಿಗು. ಬಿಲ್ ಬೇಡ ಅಂದರೆ ಜಿಎಸ್‌ಟಿ ಶೇ 18 ಉಳಿಯುತ್ತೆ ಅಂತ ಆಸೆ ತೋರಿಸ್ತಾರೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳೋಣ, ಮೂರು ವರ್ಷದ ವಾರಂಟಿ ಇರೋದು ಆ ಕಾಗದದಲ್ಲಿ. ರೇಟು ನೀನು ಮಾತಾಡು. ಡಬ್ಬಿ ಬಿಚ್ಚಿಸಿ ತೂಕ ನೋಡೋದು ನನ್ನ ಕೆಲಸ.

ಹಳೇ ಮಷಿನ್ನಿಂದ ರ‍್ಯಾಮ್ ಕಡ್ಡಿ, 240 ಜಿಬಿ ಎಸ್‌ಎಸ್‌ಡಿ ಬಿಚ್ಚಿ ಪೇಪರಲ್ಲಿ ಸುತ್ತಿ ಇಟ್ಟಿದ್ದೀನಿ. ಎಸ್‌ಎಸ್‌ಡಿಯಲ್ಲಿ ನಿನ್ನ ಪಿಯುಸಿ ಕಾಲದ ಫೋಟೋಗಳಿವೆಯಂತೆ, ಅಳಿಸೋ ಮುಂಚೆ ಇಳಿಸಿಕೋ. ಕೀಬೋರ್ಡನ್ನೂ ತರ್ತಾ ಇದ್ದೀನಿ, ಅದಕ್ಕೊಂದು ಸಾವಿರ ಉಳಿಯಿತು. ನಿನ್ನೆ ಬ್ರಶ್ ಹಾಕಿ ಒರೆಸುವಾಗ ನಿಮ್ಮಮ್ಮ ಪಕ್ಕದಲ್ಲೇ ಇದ್ದಳು. ಎಲ್ಲ ಕೀಲಿಗಳೂ ಹೊಸದರ ಹಾಗೇ ಇವೆ. ಆಟದಲ್ಲಿ ಓಡಾಡೋಕೆ ಒತ್ತೋ ಡಬ್ಲ್ಯೂ, ಎ, ಎಸ್, ಡಿ ನಾಲ್ಕರ ಮೇಲೆ ಮಾತ್ರ ಅಕ್ಷರವೇ ಇಲ್ಲ, ಸವೆದು ಹೊಳೀತಾ ಇವೆ. "ಆನ್‌ಲೈನ್ ಕ್ಲಾಸಲ್ಲಿ ಈ ನಾಲ್ಕೇ ಅಕ್ಷರ ಕಲಿಸಿದರೇನು?" ಅಂತ ಕೇಳಿದಳು. ಗುರುವಾರ ನೀನೇ ಫೋನ್ ಮಾಡಿ ಉತ್ತರ ಹೇಳು.

ಇಂತಿ,
ಅಪ್ಪ