ಮಾಳಾದ ಮೇಲಿನ ಕ್ಯಾಸೆಟ್ಟುಗಳು ಇನ್ನೊಂದು ಮಳೆಗಾಲ ತಡೆಯಲಾರವು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮುಂಬಯಿಯ ನಮ್ಮ ಕನ್ನಡಿಗರದೇ ಒಂದು ಸಂಘ ತನ್ನ ಹಳೆಯ ಕಚೇರಿ ಖಾಲಿ ಮಾಡಿತು. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿದೆ. ಕುರ್ಚಿ, ಮೇಜು, ಫ್ಯಾನು, ಟ್ರೋಫಿಗಳ ಕಪಾಟು ಎಲ್ಲ ಟೆಂಪೋ ಹತ್ತಿದವು. ಮಾಳಾದ, ಅಂದರೆ ಅಟ್ಟದ, ಮೇಲಿದ್ದ ಎರಡು ರಟ್ಟಿನ ಪೆಟ್ಟಿಗೆ ಮಾತ್ರ ಮೆಟ್ಟಿಲ ಬುಡದಲ್ಲಿ ಉಳಿದವು. ಭಂಗಾರದವನು, ಅಂದರೆ ಗುಜರಿಯವನು, ತಕ್ಕಡಿ ಹಿಡಿದು ನಿಂತಿದ್ದನಂತೆ. ಯಾರೋ ಪುಣ್ಯಾತ್ಮರು ನನಗೆ ಫೋನ್ ಮಾಡಿದರು. 'ನೀವು ಟೇಪ್ ರಿಪೇರಿಯವರಲ್ವಾ, ನಿಮಗೇನಾದರೂ ಬೇಕಾ?' ಡೊಂಬಿವಲಿಯಿಂದ ಲೋಕಲ್ ಹಿಡಿದು ನಾನು ಮುಟ್ಟುವಷ್ಟರಲ್ಲಿ ಒಂದು ಪೆಟ್ಟಿಗೆ ಹೋಗಿಯಾಗಿತ್ತು. ಇನ್ನೊಂದು ಸಿಕ್ಕಿತು. ಅದರಲ್ಲಿ 43 ಕ್ಯಾಸೆಟ್ಟು, ಒಂದು ಫೋಟೋ ಆಲ್ಬಮ್ಮು.

ನಾನು ಕುಂದಾಪುರ ಕಡೆಯವನು. 1968ರಲ್ಲಿ, ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆಯುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಆಮೇಲೆ ಲ್ಯಾಮಿಂಗ್ಟನ್ ರೋಡಿನ ಗಲ್ಲಿಯೊಂದರಲ್ಲಿ ಕೆಲಸ ಕಲಿತು ಮೂವತ್ತು ವರ್ಷ ಟೇಪ್ ರಿಕಾರ್ಡರ್ ಬಿಚ್ಚಿ ಕಟ್ಟಿದೆ. ನಮ್ಮವರ ಕಾರ್ಯಕ್ರಮ ಇದ್ದರೆ ಮೈಕಿನ ಪಕ್ಕ ಒಂದು ಡೆಕ್ ಇಟ್ಟು ರೆಕಾರ್ಡ್ ಮಾಡಿಕೊಡುತ್ತಿದ್ದೆ. ಸಂಭಾವನೆ ಒಂದು ಊಟ. ಆಗ ಅದೇ ಜಾಸ್ತಿ.

ಪೆಟ್ಟಿಗೆ ಬಿಚ್ಚಿದರೆ ಮೂಗಿಗೆ ಬೂಸಲು ವಾಸನೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿದರೆ ಟೇಪಿನ ಅಂಚಿಗೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬಿಳಿ. ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಟೇಪನ್ನು ಮೆಶೀನಿನ ಹೆಡ್ಡಿಗೆ (ದನಿ ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಚಿಕ್ಕ ಫೆಲ್ಟ್ ತುಂಡು ಕಳಚಿ ಬಿದ್ದಿತ್ತು. ಅದಿಲ್ಲದಿದ್ದರೆ ಮಾತು ಗೋಡೆಯಾಚೆಯಿಂದ ಬಂದ ಹಾಗೆ ಕೇಳುತ್ತದೆ. ಇದು ಹೆದರುವಂಥ ಕಾಯಿಲೆ ಅಲ್ಲ. ಟೇಪನ್ನು ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಡಬ್ಬಿಗೆ ಸಾಗಿಸಿದರೆ ಆಯಿತು. ನಾಲ್ಕೈದು ಸ್ಕ್ರೂ, ಹತ್ತು ನಿಮಿಷ, ಕೈ ನಡುಗಬಾರದು ಅಷ್ಟೆ. ನನ್ನದು ಈಗ ನಡುಗುತ್ತದೆ. ಸ್ಕ್ರೂ ಹಾಕಿದ್ದು ಮೊಮ್ಮಗಳು.

ಒಂದರಲ್ಲಿ ರಾತ್ರಿ ಶಾಲೆಯ ಮೇಷ್ಟ್ರೊಬ್ಬರ ಸನ್ಮಾನ ಸಮಾರಂಭ ಸಿಕ್ಕಿತು. ಹಾರ ತುರಾಯಿ ಎಲ್ಲ ಮುಗಿದು ಮೇಷ್ಟ್ರು ಮಾತಿಗೆ ನಿಂತಿದ್ದಾರೆ. ಗಂಟಲು ಕಟ್ಟಿದೆ. ಹೋಟೆಲಿನ ಹುಡುಗರು ಬೆಂಚಿನ ಮೇಲೇ ನಿದ್ದೆ ಹೋಗುತ್ತಿದ್ದ ಸಂಗತಿ ಹೇಳುತ್ತಾರೆ. ತಪಾಸಣೆಗೆ ಬಂದ ಸಾಹೇಬರು ಒಬ್ಬ ಹುಡುಗನನ್ನು ತಟ್ಟಿ ಎಬ್ಬಿಸಲು ಹೋದರಂತೆ. 'ಎಬ್ಬಿಸಬೇಡಿ ಮಾರಾಯ್ರೆ, ಬೆಳಿಗ್ಗೆ ನಾಲ್ಕಕ್ಕೆ ಅವನು ಇಡ್ಲಿ ಬೇಯಿಸಬೇಕು, ಪಾಠ ನಾನು ನಾಳೆ ಇನ್ನೊಮ್ಮೆ ಹೇಳ್ತೇನೆ' ಅಂದೆ ಎನ್ನುತ್ತಾರೆ ಮೇಷ್ಟ್ರು. ಸಭೆ ನಗುತ್ತದೆ. ಆ ನಗುವಿನಲ್ಲಿ ನಿದ್ದೆ ಹೋದವರೂ ಇದ್ದರು ಅನ್ನುವುದು ನನಗೆ ಗೊತ್ತು.

ಇನ್ನೊಂದರ ಮೇಲೆ ನೀಲಿ ಶಾಯಿಯಲ್ಲಿ 'ಕವಿಗೋಷ್ಠಿ' ಎಂದು ಬರೆದಿತ್ತು. ಆಸೆಯಿಂದ ಹಾಕಿದೆ. ಇಬ್ಬರು ಕವಿಗಳು ಓದಿದರು. ಮೂರನೆಯವರು ಹೆಣ್ಣುಮಗಳು. 'ಇದು ಚಾಳಿನ ನಲ್ಲಿಯ ಬಗ್ಗೆ ಒಂದು ಸಣ್ಣ ಪದ್ಯ' ಎಂದರು. ಟಕ್. ಮುಂದೆ ಬರೀ ಹಿಂದಿ ಸಿನಿಮಾ ಹಾಡು. ಕ್ಯಾಸೆಟ್ ಹೊರಗೆ ತೆಗೆದು ನೋಡಿದೆ. ಮೇಲಂಚಿನ ಪ್ಲಾಸ್ಟಿಕ್ ಹಲ್ಲನ್ನು ಅಂದೇ ಯಾರೋ ಮುರಿದಿದ್ದರು. ಅದನ್ನು ಮುರಿದರೆ ಮೇಲೆ ಮತ್ತೊಂದು ರೆಕಾರ್ಡಿಂಗ್ ಕೂರುವುದಿಲ್ಲ. ಆದರೆ ಆಮೇಲೆ ಇನ್ಯಾರೋ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ ಹಾಡು ತುಂಬಿಸಿಕೊಂಡಿದ್ದರು. ಆ ಪದ್ಯ ಎಲ್ಲಾದರೂ ಅಚ್ಚಾಗಿದೆಯೋ ಇಲ್ಲವೋ. ಚಾಳಿನಲ್ಲಿ ನಲ್ಲಿಗೆ ನಿಂತವನಾದ್ದರಿಂದ ನನಗೆ ಅದು ಬೇಕಿತ್ತು.

ಆಲ್ಬಮ್ಮಿನಲ್ಲಿ ಒಂದು ಗುಂಪು ಫೋಟೋ. ಹನ್ನೊಂದು ಜನ ಯುವಕರು, ಎಲ್ಲರದೂ ಬಿಳಿ ಅಂಗಿ, ಹಿಂದೆ ಕಪ್ಪು ಹಲಗೆ. ಹೆಸರಿಲ್ಲ, ತಾರೀಕಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಅಡುಗೆ ಭಟ್ಟರು. ತೋರಿಸಿದೆ. ಕನ್ನಡಕ ಒರೆಸಿ, ಫೋಟೋವನ್ನು ಕಿಟಕಿಗೆ ಹಿಡಿದು ಹೊತ್ತು ನೋಡಿದರು. ಮುಖಕ್ಕಿಂತ ಮೊದಲು ಅವರು ಕೈ ನೋಡಿದರು. 'ಇವನು ದೋಸೆ ಕಲ್ಲಿನವನು, ಮೊಣಕೈ ಹತ್ತಿರ ಸುಟ್ಟ ಕಲೆ ಕಾಣ್ತಿಲ್ವಾ? ಇವನು ಗಲ್ಲಾದಲ್ಲಿ ಕೂತವನು, ಉಗುರು ನೋಡು ಎಷ್ಟು ಚೊಕ್ಕ.' ಹೀಗೆ ಎಂಟು ಜನ ಸಿಕ್ಕರು. ನಿಂತವರಲ್ಲಿ ಎಡದಿಂದ ಎರಡನೆಯವರು ಮುಂದೆ ಊರಿನಲ್ಲಿ ಶಾಲೆ ಕಟ್ಟಿಸಿದರಂತೆ. ಇನ್ನು ಮೂವರು ಯಾರೆಂದು ಗೊತ್ತಿಲ್ಲ. ಭಟ್ಟರಿಗೆ ಎಂಬತ್ತೊಂಬತ್ತು.

ಸಂಪಾದಕರೇ, ಬಿಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ತೀರಿಕೊಂಡದ್ದು 1965ರಲ್ಲಿ. ಅವರ ದನಿಯನ್ನು ನಾವು ಈಗಲೂ ಫೋನಿನಲ್ಲಿ ಕೇಳುತ್ತೇವೆ. ಯಾಕೆಂದರೆ ಗ್ರಾಮಫೋನಿನ ಅರಗಿನ ತಟ್ಟೆಗಳನ್ನು ರಾಶಿ ರಾಶಿ ಒತ್ತಿ ಮಾರಿದ್ದರು. ಒಂದು ಒಡೆದರೆ ಇನ್ನೊಬ್ಬರ ಮನೆಯಲ್ಲಿ ಇರುತ್ತಿತ್ತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಆ ಭಾಗ್ಯ ಇಲ್ಲ. ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆ ಕಂಡ ಚಿತ್ರ ಅದು. ಪುಣೆಯಲ್ಲಿ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಇವತ್ತು ಆ ಚಿತ್ರದ ಒಂದು ಪ್ರತಿಯೂ ಕೈಗೆ ಸಿಗುವುದಿಲ್ಲ. ನಮ್ಮ ಸಂಘಗಳ ಕ್ಯಾಸೆಟ್ಟಿನ ಕತೆ ಇನ್ನೂ ಕಷ್ಟ. ಅದು ಇರುವುದೇ ಒಂದು.

ಮುಂಬಯಿಯಲ್ಲಿ ನಮ್ಮ ಸಂಘಗಳು ನಿನ್ನೆ ಮೊನ್ನೆಯವಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರದು, ಮಾಹಿಮಿನ ಕರ್ನಾಟಕ ಸಂಘ 1933ರದು. 1951ರಲ್ಲಿ ಈ ಊರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು, ಗೋವಿಂದ ಪೈ ಅಧ್ಯಕ್ಷರು. ಅಂದು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಗುವಿಗೂ ಈಗ ಎಪ್ಪತ್ತೈದು ದಾಟಿದೆ. ಈ ಊರಿನ ಕನ್ನಡ ಕತೆಗಾರ ಯಶವಂತ ಚಿತ್ತಾಲರು 2014ರಲ್ಲಿ ಹೋದರು. ಕಾದಂಬರಿಕಾರ ವ್ಯಾಸರಾಯ ಬಲ್ಲಾಳರು ಅದಕ್ಕೂ ಮೊದಲೇ. ಇವರನ್ನೆಲ್ಲ ಮುಂಬಯಿಯ ವೇದಿಕೆಗಳಲ್ಲಿ ಕೇಳಿದ ಜನ ಇನ್ನೂ ಇದ್ದಾರೆ. ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಮುಂಬಯಿ ಕನ್ನಡದ ಬಗ್ಗೆ ಒಳ್ಳೊಳ್ಳೆಯ ಪುಸ್ತಕ ತಂದಿದೆ. ಆದರೆ ಆ ಸಂಜೆಗಳಲ್ಲಿ ಅವರು ಕಾಗದ ಬಿಟ್ಟು ಆಡಿದ ಮಾತು ಎಲ್ಲಿದೆ? ಯಾರದೋ ಮನೆಯ ಸೋಫಾದ ಕೆಳಗೆ ಇದ್ದೀತು.

ನಾವು ಏನು ಮಾಡುತ್ತಿದ್ದೇವೆ? ಸಭಾಭವನಕ್ಕೆ ಎಸಿ ಹಾಕಿಸುತ್ತೇವೆ. ವರ್ಷಕ್ಕೊಂದು ಸ್ಮರಣ ಸಂಚಿಕೆ, ಅದರಲ್ಲಿ ಅರ್ಧ ಜಾಹೀರಾತು. ಶಾಲು ಹೊದೆಸಿದವರಿಗೇ ಮತ್ತೆ ಶಾಲು. ನಾನೂ ಒಂದು ಶಾಲು ಹೊದ್ದವನೇ, ಸುಮ್ನೆ ದೂರುತ್ತಿಲ್ಲ. ಲೆಕ್ಕ ಹೇಳುತ್ತೇನೆ. ಒಂದು ಸಿ-60, ಅಂದರೆ ಒಂದು ಗಂಟೆಯ, ಕ್ಯಾಸೆಟ್ಟನ್ನು ಒಳ್ಳೆಯ ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಸುಮಾರು ಒಂದು ಜಿಬಿ. ನೂರು ಕ್ಯಾಸೆಟ್ಟು ಒಂದು ಪೆನ್ ಡ್ರೈವಿನಲ್ಲಿ ಕೂರುತ್ತವೆ. ದುಡ್ಡು ದೊಡ್ಡದಲ್ಲ, ಹೊತ್ತು ದೊಡ್ಡದು. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು, ಓಡಿಸಲು ಬರುವುದಿಲ್ಲ.

ನಿಮ್ಮಲ್ಲಿ ಒಂದು ವಿನಂತಿ. ವಾರಕ್ಕೊಮ್ಮೆ, ಭಾನುವಾರದ ಪುಟದಲ್ಲಿ, ಅಂಗೈಯಷ್ಟು ಜಾಗ ಕೊಡಿ. ಒಂದು ಹಳೆಯ ಫೋಟೋ ಹಾಕಿ, ಕೆಳಗೆ 'ಇವರು ಯಾರು?' ಎಂದು ಕೇಳಿ. ಬೆಳಗಿನ ಚಹಾದ ಜೊತೆ ಪತ್ರಿಕೆ ಓದುವ ಅಜ್ಜ ಅಜ್ಜಿಯರು ಉತ್ತರ ಹೇಳುತ್ತಾರೆ. ಮೊದಲ ಫೋಟೋ ನಾನೇ ಕಳಿಸುತ್ತಿದ್ದೇನೆ, ಆ ಹನ್ನೊಂದು ಜನರದು.

ಓದುಗರಿಗೂ ಎರಡು ಮಾತು. ಬೂಸಲು ಹಿಡಿದ ಕ್ಯಾಸೆಟ್ಟನ್ನು ಸಿಕ್ಕ ಮೆಶೀನಿಗೆ ಹಾಕಬೇಡಿ, ಆ ಬೂಸಲು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕಿತ್ತರೆ ಮುಖವೇ ಹರಿದು ಬಂದೀತು. ಹಾಳೆ ಸಮೇತ ಸ್ಕ್ಯಾನ್ ಮಾಡಿಸಿ. ಬಿಡಿ ಫೋಟೋ ಆದರೆ ಹಿಂದೆ ಹೆಸರು ಬರೆಯಿರಿ, ಮೆದು ಪೆನ್ಸಿಲಿನಲ್ಲಿ, ಒತ್ತದೆ. ಬಾಲ್ ಪೆನ್ ಬೇಡ.

ನನ್ನ ಬಳಿ ಎರಡು ಡೆಕ್ ಇವೆ. ಎರಡಕ್ಕೂ ಹೊಸ ಬೆಲ್ಟ್ ಹಾಕಿದ್ದೇನೆ, ಹೆಡ್ ಒರೆಸಿದ್ದೇನೆ. ನಿಮ್ಮ ಕಚೇರಿಯಲ್ಲಿ ನನ್ನ ನಂಬರು ಇದೆ, ಕೇಳಿದವರಿಗೆ ಕೊಡಿ. ಹಣ ಬೇಡ, ಒಂದು ಖಾಲಿ ಪೆನ್ ಡ್ರೈವ್ ತಂದರೆ ಸಾಕು. ಜೂನ್ ಬರುವ ಮೊದಲು ತನ್ನಿ.

ಹೋದ ಆ ಇನ್ನೊಂದು ಪೆಟ್ಟಿಗೆಯ ಗುರುತು: ಎಣ್ಣೆ ಪ್ಯಾಕೆಟ್ಟಿನ ರಟ್ಟು, ಹಸಿರು ಪ್ಲಾಸ್ಟಿಕ್ ಹಗ್ಗ, ಪಕ್ಕದಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ '2' ಎಂದು ಬರೆದಿದೆ. ಯಾವುದಾದರೂ ಭಂಗಾರ ಅಂಗಡಿಯಲ್ಲಿ ಕಂಡರೆ ಒಂದು ಫೋನ್ ಮಾಡಿ. ಅಂಗಡಿಯವನು ಕೇಳಿದಷ್ಟು ನಾನು ಕೊಡುತ್ತೇನೆ.

ಇಂತಿ,
ಒಬ್ಬ ಹಳೆಯ ಟೇಪ್ ರಿಕಾರ್ಡರ್ ಮೆಕ್ಯಾನಿಕ್,
ಡೊಂಬಿವಲಿ ಪೂರ್ವ