ಶಿಲೀಂಧ್ರವನ್ನೂ ಕೊಟ್ಟರು, ಅದನ್ನು ಕೊಲ್ಲುವ ಪುಡಿಯನ್ನೂ ಕೊಟ್ಟರು

ಮಾನ್ಯ ಸಂಪಾದಕರೇ,

ಮಣ್ಣಿನೊಳಗಿದ್ದು ಬೇರು ತಿನ್ನುವ ಗೊಣ್ಣೆ ಹುಳುವಿನ ಕಾಟಕ್ಕೆ ರೈತರಿಗೆ ಜೈವಿಕ ಔಷಧದ ಪ್ಯಾಕೆಟ್ ಹಂಚಿದ ಸುದ್ದಿ ಫೋಟೊ ಸಮೇತ ಬಂದಿದೆ. ವೇದಿಕೆ, ಭಾಷಣ, ಚಪ್ಪಾಳೆ ಎಲ್ಲ ಇದೆ. ಚೀಲದೊಳಗೆ ಏನಿತ್ತು ಅನ್ನುವುದೊಂದು ಬಿಟ್ಟು.

ನಾನು ಹೇಳುತ್ತೇನೆ. ಒಂದು ಮೆಟಾರೈಜಿಯಂ, ಇನ್ನೊಂದು ಶಿಲೀಂಧ್ರನಾಶಕ. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಕಲಸಿ ಬುಡಕ್ಕೆ ಸುರಿಯಿರಿ ಎಂದು ಹಂಚಿದವರು ಮೈಕಿನಲ್ಲೇ ಹೇಳಿದರು. ಮೆಟಾರೈಜಿಯಂ ಕೂಡ ಶಿಲೀಂಧ್ರವೇ ಅಲ್ವಾ ಸ್ವಾಮಿ? ಅದರ ಬೀಜಕಣ ಹುಳುವಿನ ಮೈಗೆ ಅಂಟಬೇಕು, ಮೊಳೆಯಬೇಕು, ಚರ್ಮ ಕೊರೆದು ಒಳಗೆ ಬೆಳೆಯಬೇಕು. ಆಮೇಲೆ ಹುಳು ಸತ್ತು, ಅದರ ಮೈಮೇಲೆ ಹಸಿರು ಬೂಷ್ಟು ಕಟ್ಟುತ್ತದೆ. ಇವರ ಲೆಕ್ಕದಲ್ಲಿ ಹುಳುವಿಗಿಂತ ಮೊದಲು ಶಿಲೀಂಧ್ರವೇ ಸಾಯಬೇಕು. ಹೀಗೆ ಬೆರೆಸಬೇಡಿ ಎಂದು ಪ್ಯಾಕೆಟ್ಟಿನ ಹಿಂದೆಯೇ ಅಚ್ಚಾಗಿದೆ. ಕೇಳಿದರೆ, "ಮೇಲಿನಿಂದ ಹಾಗೇ ಬಂದಿದೆ" ಎಂಬ ಉತ್ತರ!

ಇದನ್ನು ತಗೊಳ್ಳಲು ನೀರು ಹಾಯಿಸುವ ಕೆಲಸ ಬಿಟ್ಟು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಸಾಲು ನಿಂತೆ. ಜೆರಾಕ್ಸ್ ಸರಿಯಿಲ್ಲ ಅಂತ ಒಮ್ಮೆ ವಾಪಸ್ ಕಳಿಸಿದರು. ಪ್ಯಾಕೆಟ್‌ಗಳು ತಗಡಿನ ಗೋದಾಮಿನಲ್ಲಿ ಬೇಯುತ್ತಿದ್ದವು. ತಂಪು ಜಾಗದಲ್ಲಿಡಿ ಅಂತಲೂ ಅದರ ಮೇಲೆ ಬರೆದಿದೆ, ಓದುವವರು ಯಾರು? ಶಾಖಕ್ಕೆ ಬೀಜಕಣ ಸತ್ತರೆ ಉಳಿಯುವುದು ಸುಮ್ನೆ ಪುಡಿ. ಅದೂ ಹುಳು ಮರಿಯಾಗಿದ್ದಾಗ ಹಾಕಿದರೆ ಚೆನ್ನಾಗಿ ಹಿಡಿಯುತ್ತದೆ. ಈಗ ಅಗೆದರೆ ಹೆಬ್ಬೆರಳು ಗಾತ್ರದವು ಸಿಗುತ್ತಿವೆ, ಬೇರುಗಳನ್ನೆಲ್ಲ ತಿಂದು ಮುಗಿಸಿವೆ.

ಪಕ್ಕದ ಹೊಲದವರದು ಟೊಮೆಟೊ. ಬೇರಿನಲ್ಲಿ ಗಂಟು ಗಂಟು, ಜಂತುಹುಳುವಿನ ಕಾಟ. ಅದರ ಮೊಟ್ಟೆಗೆ ತಗಲುವ ಶಿಲೀಂಧ್ರವೇ ಬೇರೆ, ಪರ್ಪ್ಯೂರಿಯೊಸಿಲಿಯಂ. ಅವರಿಗೂ ಇದೇ ಚೀಲ ಕೊಟ್ಟು ಫೋಟೊ ತೆಗೆದರು.

ಇವರು ಮಣ್ಣು ಪರೀಕ್ಷೆ ಮಾಡುತ್ತೇವೆ ಅಂತ ಹೊಲದಿಂದ ಮಣ್ಣು ತಗೊಂಡು ಹೋದವರೇ. ವರದಿ ಇನ್ನೂ ಬಂದಿಲ್ಲ, ಮಣ್ಣೂ ವಾಪಸ್ ಬಂದಿಲ್ಲ. ಫೋನ್ ಮಾಡಿದರೆ ಸಾಹೇಬರು ಯಾವಾಗಲೂ ಮೀಟಿಂಗು.

ಪ್ಯಾಕೆಟ್ ಬದಲಿಸಿ ಕೊಡಬೇಕು. ಇಲ್ಲವೇ ಈ ಹಂಚುವ ನಾಟಕವನ್ನೇ ನಿಲ್ಲಿಸಬೇಕು. ಅದೂ ಆಗದಿದ್ದರೆ, ಮುಂದಿನ ಸಲ ಮೈಕ್ ಹಿಡಿಯುವವರು ಪ್ಯಾಕೆಟ್ ಹಿಂದಿರುವ ಸಣ್ಣಕ್ಷರ ಓದಿಕೊಂಡಾದರೂ ಬರಲಿ. ಕನ್ನಡಕ ಬೇಕಿದ್ದರೆ ನಾವೇ ಚಂದಾ ಎತ್ತಿ ಕೊಡಿಸುತ್ತೇವೆ.

– ಒಬ್ಬ ರೈತ