ಪಿರೆನೀಸ್ ನಕ್ಷೆಗೆ ಗಡಿಗೆರೆಯೊಂದೇ ಸಾಲದು

ಮಾನ್ಯರೇ,

ಫ್ರಾನ್ಸ್–ಸ್ಪೇನ್ ನಡುವಿನ ಪಿರೆನೀಸ್ ಪರ್ವತಶ್ರೇಣಿಯ ಬಗ್ಗೆ ಬರೆಯುವಾಗ ‘ಬೆಟ್ಟದ ನೆತ್ತಿಯೇ ಗಡಿ, ಅತ್ತ ಬಿದ್ದ ಮಳೆ ಅತ್ತ, ಇತ್ತ ಬಿದ್ದದ್ದು ಇತ್ತ’ ಎಂದು ಮುಗಿಸಿಬಿಡುವುದು ರೂಢಿ. ಗ್ರಾನೈಟ್ ಇರುವಲ್ಲಿ ಇದು ಬಹುಮಟ್ಟಿಗೆ ಸರಿ. ಸುಣ್ಣಕಲ್ಲಿನ ಪಟ್ಟಿಗಳಲ್ಲಿ ಖಂಡಿತ ಅಲ್ಲ. ಅಲ್ಲಿ ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ಸೌಮ್ಯ ಆಮ್ಲವಾಗುತ್ತದೆ, ಕಲ್ಲಿನ ಬಿರುಕುಗಳನ್ನು ಕರಗಿಸಿ ಅಗಲ ಮಾಡುತ್ತ ನೆಲದೊಳಗೆ ತನ್ನದೇ ದಾರಿ ಹಿಡಿಯುತ್ತದೆ.

ಸ್ಪೇನ್‌ನ ಅನೆಟೊ (3,404 ಮೀಟರ್) ಗ್ರಾನೈಟ್ ಶಿಖರ. ಅದರ ಹಿಮ ಕರಗಿದ ನೀರು ಕೆಳಗಿನ ಸುಣ್ಣಕಲ್ಲನ್ನು ಮುಟ್ಟಿದೊಡನೆ ಐಗ್ವಾಲ್ಯೂಟ್ಸ್ ಎಂಬ ಕುಳಿಯಲ್ಲಿ ಮಾಯವಾಗುತ್ತದೆ. 1931ರ ಜುಲೈನಲ್ಲಿ ಗುಹಾಶೋಧಕ ನಾರ್ಬೆರ್ ಕಾಸ್ತೆರೆ ಅದಕ್ಕೆ ಫ್ಲೋರೆಸೀನ್ ಎಂಬ, ನೀರಿನಲ್ಲಿ ಹಸಿರಾಗಿ ಹೊಳೆಯುವ ಬಣ್ಣವನ್ನು 60 ಕಿಲೊ ಸುರಿದರು. ಮರುದಿನ ಸುಮಾರು 4 ಕಿ.ಮೀ. ದೂರದಲ್ಲಿ, ನೀರನ್ನು ಎರಡು ಕಡೆಗೆ ಹಂಚುವ ಏಣಿನ (ಜಲವಿಭಾಜಕದ) ಇನ್ನೊಂದು ಮಗ್ಗುಲಿನ, ಸ್ಪೇನ್‌ನಲ್ಲೇ ಇರುವ ಆರಾನ್ ಕಣಿವೆಯಲ್ಲಿ, ಬುಗ್ಗೆ ಹಸಿರಾಗಿ ಚಿಮ್ಮಿತು. ಸ್ಪೇನ್‌ನ ಎಬ್ರೊ ನದಿಯ ಮೂಲಕ ಮೆಡಿಟರೇನಿಯನ್ ಸೇರಬೇಕೆನಿಸುವ ನೀರು ವಾಸ್ತವದಲ್ಲಿ ಗರೋನ್ ನದಿಗೆ ಸೇರಿ, ಫ್ರಾನ್ಸ್ ಹಾದು ಅಟ್ಲಾಂಟಿಕ್‌ಗೆ ಹೋಗುತ್ತದೆ. ಪಶ್ಚಿಮದಲ್ಲಿ ಗಡಿಯ ಮೇಲಿರುವ ಸುಣ್ಣಕಲ್ಲಿನ ಪ್ರದೇಶ ಪಿಯರ್ ಸೇಂಟ್ ಮಾರ್ಟಿನ್‌ನಲ್ಲೂ ಅಷ್ಟೇ: ಸ್ಪೇನ್‌ನ ಲಾರಾ ಪ್ರಸ್ಥಭೂಮಿಯಲ್ಲಿ ಇಂಗಿದ ನೀರು ಫ್ರಾನ್ಸಿನ ಕಡೆಯ ಬುಗ್ಗೆಗಳಲ್ಲಿ ಏಳುತ್ತದೆ.

ಬಣ್ಣ ಸುರಿಯುವ ಇಂಥ ಪರೀಕ್ಷೆ ಎಡವುವುದು ಸಾಮಾನ್ಯವಾಗಿ ಬುಗ್ಗೆಗಳ ಆಯ್ಕೆಯಲ್ಲಿ. ನೀರು ಬರಬಹುದೆಂದು ಊಹಿಸಿದ ಒಂದೆರಡನ್ನಷ್ಟೇ ಕಾದರೆ ಆಚೆ ದೇಶದಲ್ಲಿ ಹಾದುಹೋದ ಬಣ್ಣ ತಪ್ಪಿಹೋಗುತ್ತದೆ. ಸುತ್ತಲಿನ ಎಲ್ಲ ಬುಗ್ಗೆಗಳಲ್ಲೂ ಇದ್ದಿಲಿನ ಪುಟ್ಟ ಚೀಲ ಕಟ್ಟಬೇಕು. ಕಣ್ಣಿಗೆ ಕಾಣದಷ್ಟು ತಿಳಿಯಾದ ಬಣ್ಣವನ್ನೂ ಇದ್ದಿಲು ಹಿಡಿದಿಡುತ್ತದೆ. ಬಣ್ಣ ಸುರಿಯುವ ಮೊದಲೇ ಒಂದು ಮಾದರಿ ತೆಗೆದಿಡದಿದ್ದರೆ, ನೀರಿನಲ್ಲಿ ಮೊದಲೇ ಇದ್ದ ಹೊಳಪನ್ನು ನಮ್ಮ ಬಣ್ಣವೆಂದು ಭ್ರಮಿಸುವ ಅಪಾಯವಿದೆ. ಫ್ಲೋರೆಸೀನ್ ಬಿಸಿಲಿಗೆ ಕೆಡುವುದರಿಂದ ಮಾದರಿಯ ಸೀಸೆಗಳನ್ನು ಕತ್ತಲಲ್ಲಿ ಇಡಬೇಕು.

ಇದು ಬರೀ ಪಾಂಡಿತ್ಯದ ಮಾತಲ್ಲ. ಸುಣ್ಣಕಲ್ಲಿನ ಸುರಂಗ ನೀರನ್ನು ಮಣ್ಣಿನಂತೆ ಸೋಸುವುದಿಲ್ಲ. ಕುಳಿಗೆ ಬಿದ್ದ ಕೊಳಚೆ ಕೆಲವೇ ದಿನಗಳಲ್ಲಿ ಪಕ್ಕದ ದೇಶದ ಕುಡಿಯುವ ನೀರಿಗೆ ಸೇರಬಹುದು.

ಹಾಗಾಗಿ ಪತ್ರಿಕೆಗೆ ನಮ್ಮ ಕೋರಿಕೆ: ಇಂಥ ಪರ್ವತಗಳ ನಕ್ಷೆ ಮುದ್ರಿಸುವಾಗ ಗಡಿಯ ಜೊತೆಗೆ ಇಂಗುಕುಳಿ ಮತ್ತು ಬುಗ್ಗೆಗಳನ್ನೂ ಗುರುತಿಸಿ, ಅವುಗಳ ನಡುವೆ ಚುಕ್ಕಿಗೆರೆ ಎಳೆಯಿರಿ. ಪರೀಕ್ಷೆ ನಡೆಯದ ಕಡೆ ಆ ಗೆರೆ ಬೇಡ.

– ಭೂಗೋಳ ಬೋಧಕರು